ಎಣಿಕೆಗೆ ಬೇರೆ ಗಂಟೆ

ಹ್ಯಾಲಿಫ್ಯಾಕ್ಸ್ ನಗರಸಭೆಯ ನೆಲಮಾಳಿಗೆಯಲ್ಲಿ
ರಾತ್ರಿ ಎರಡಕ್ಕೆ ಪೊರಕೆ ಏಳುತ್ತದೆ.
ದನುತಾಳದ್ದಲ್ಲ, ನನ್ನದು:
ಹನ್ನೊಂದು ವರ್ಷದ ಹಿಂದೆ ಯಾರೋ ಬರೆದಿಟ್ಟು ಹೋದ
ನಲವತ್ತು ಸಾಲಿನ ಸ್ಕ್ರಿಪ್ಟು.
ಅಳಿಸಿದ್ದು, ತಿದ್ದಿದ್ದು, ಯಾರಿಗೂ ಬೇಡವಾಗಿ ಬಿದ್ದದ್ದು,
ತೀರಿಸಿದ ಪಾರ್ಕಿಂಗ್ ದಂಡ, ಕಸದ ತೊಟ್ಟಿಯ ದೂರು,
ರದ್ದಾದ ಈಜುಕೊಳದ ಪಾಸು,
ಎಲ್ಲ ಗುಡಿಸಿ ಜಾಗ ಮಾಡುತ್ತದೆ.
ಗುಡಿಸಿ ಮುಗಿದ ಮೇಲೆ, ಉಸಿರಿದ್ದರೆ,
ಗುಡಿಸಿದಲ್ಲೇ, ಅದೇ ಕೈಯಲ್ಲಿ ಎಣಿಕೆ:
ಯಾವ ಮನೆಯಲ್ಲಿ ಎಷ್ಟು ಮಂದಿ,
ಯಾವ ಹೆಸರು ಹೆಚ್ಚು, ಯಾವುದು ಅಪರೂಪ,
ಹುಡುಕಿ ಬಂದವರಿಗೆ ಹತ್ತಿರದ ದಾರಿ ಯಾವುದು.

ಉಸಿರಿದ್ದರೆ ಅಂದೆ.
ಮಾರ್ಚಿನಿಂದ ಇರಲಿಲ್ಲ.
ತೆರಿಗೆ ನೋಟೀಸಿನ ಕಾಲ, ಕಸ ಮೊಣಕಾಲುದ್ದ;
ಆರಕ್ಕೆ ಬೆಳಗಿನ ಪಾಳಿಯವರು ಬಂದು ದೀಪ ಹಾಕಿದರೆ
ಪೊರಕೆ ಇನ್ನೂ ನಡುಮನೆಯಲ್ಲಿ.

ಕೌಂಟರಿನಿಂದ ಗ್ಲೆನಿಸ್ ಆಕ್ರಾಯ್ಡ್ ಫೋನು:
‘ಮತ್ತೆ ಸುತ್ತುತ್ತಾ ಕೂತಿದೆ ನಿನ್ನ ಯಂತ್ರ.’
ಅವಳೆದುರಿಗೆ ವಿಲ್ಫ್ರೆಡ್ ಗ್ರೀನ್‌ವುಡ್, ಎಂಬತ್ತೆರಡು,
ಒದ್ದೆ ಟೋಪಿ ಕೈಯಲ್ಲಿ. ಕೇಳಿದ್ದು ಇಷ್ಟೇ:
ತಂಗಿ ಡೋರೀನ್, ಐವತ್ತೊಂದರಲ್ಲಿ, ಆರು ವರ್ಷ,
ಯಾವ ಸಾಲು, ಎಷ್ಟನೇ ಗುಂಡಿ.
ಆಗ ಕಲ್ಲು ನೆಡಲು ದುಡ್ಡಿರಲಿಲ್ಲ.

ಯಂತ್ರ ಹೆಸರು ಹೆಸರನ್ನೂ ಮುಟ್ಟಿ ಮುಟ್ಟಿ ನೋಡುತ್ತಿತ್ತು,
ಮದುವೆಮನೆಯ ಬಾಗಿಲಲ್ಲಿ
ಚಪ್ಪಲಿ ಹುಡುಕುವವರ ಹಾಗೆ.

ಇಳಿದು ನೋಡಿದೆ.
ಬೇರೆ ಪಟ್ಟಿಗಳ ಎಣಿಕೆ ಮಾರ್ಚಿನದು.
ಸಮಾಧಿಗಳದು? ಇನ್ನೂರ ಹದಿಮೂರು.
ಹಳೆ ರಿಜಿಸ್ಟರುಗಳನ್ನು ಟೈಪು ಮಾಡಲು ಕೂತ ಮೊದಲ ವಾರ
ಯಾರೋ ಕೈಯಾರೆ ಒಮ್ಮೆ ಎಣಿಸಿದ್ದು.
ಇನ್ನೂರೇ ತಾನೆ, ದಾರಿ ಯಾಕೆ, ನಡೆದೇ ನೋಡೋಣ
ಅಂದುಕೊಂಡಿದೆ ಪಾಪ.
ಈಗಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರ.

ಕಾರಣ ಹೊಳೆದಾಗ ಚಹಾ ಆರಿತ್ತು.
ಸತ್ತವರ ಪಟ್ಟಿಯಲ್ಲಿ ಸತ್ತ ಸಾಲು ಒಂದೂ ಇಲ್ಲ.
ಅಲ್ಲಿಂದ ಯಾರೂ ಎದ್ದು ಹೋಗುವುದಿಲ್ಲ,
ಯಾರ ವಿಳಾಸವೂ ಬದಲಾಗುವುದಿಲ್ಲ,
ಬಂದು ಸೇರುತ್ತಾರೆ, ಅಷ್ಟೇ.
ಕಸವಿಲ್ಲದ ಮನೆಗೆ ಪೊರಕೆ ಹೋಗಲಿಲ್ಲ.
ಪೊರಕೆ ಹೋಗದ ಮನೆಯನ್ನು
ಯಾರೂ ಎಣಿಸಲಿಲ್ಲ.

ಆ ರಾತ್ರಿ ಕಾರಿಡಾರು ಒರೆಸುತ್ತ ಬಂದಳು ದನುತಾ.
ಅವಳಿಗೂ ಮೇಲಿನವರು ಒಂದು ಹಾಳೆ ಕೊಟ್ಟಿದ್ದಾರೆ:
ಒರೆಸಿದ ಮೇಲೆ ಕೋಣೆಯ ಕುರ್ಚಿ ಎಣಿಸಿ ಬರೆಯತಕ್ಕದ್ದು.
‘ಎಣಿಸ್ತೀಯಾ?’
‘ಹೋದ ವಾರದ್ದನ್ನೇ ಬರೀತೀನಿ,’ ಅಂದಳು ಬಟ್ಟೆ ಹಿಂಡುತ್ತ.
‘ನೆಲ ನೋಡೋವಾಗ ಕುರ್ಚಿ ಕಾಣ್ಸಲ್ಲ. ಕಾಲು ಕಾಣ್ಸುತ್ತೆ.’

ಮೊರ ಹಿಡಿದ ಕೈಗೇ ಸೇರನ್ನೂ ಕೊಟ್ಟರೆ
ಹೊಟ್ಟು ಹಾರುತ್ತದೆ,
ಅಕ್ಕಿ ಎಷ್ಟೆಂದು ಗಾಳಿಯನ್ನು ಕೇಳಬೇಕು.

ನಲವತ್ತು ಸಾಲನ್ನು ಎರಡಾಗಿ ಸೀಳಿದೆ.
ಪೊರಕೆಗೆ ಅದೇ ಎರಡು ಗಂಟೆ.
ಎಣಿಕೆ ಸಂಜೆ ಏಳಕ್ಕೆ, ಕೌಂಟರು ಮುಚ್ಚಿದ ಮೇಲೆ,
ಕಸ ಇರಲಿ ಬಿಡಲಿ, ಜನ ಸೇರಿದ ಮನೆಗೆಲ್ಲ.
ಎಲ್ಲರನ್ನೂ ಎಬ್ಬಿಸಬೇಕಾಗಿಲ್ಲ:
ಅನ್ನ ಬೆಂದಿತೇ ನೋಡಲು ನಾಲ್ಕು ಅಗುಳು ಸಾಕು.
ನಾಲ್ಕು ನಿಮಿಷ ಹಿಡಿಯಿತು.
ಹನ್ನೊಂದು ವರ್ಷ ತಡೆದದ್ದು ಈ ನಾಲ್ಕು ನಿಮಿಷ.

ಗುರುವಾರ ಮತ್ತೆ ಬಂದರಂತೆ ಗ್ರೀನ್‌ವುಡ್.
ಟೋಪಿ ತೆಗೆಯುವುದರೊಳಗೆ ಗ್ಲೆನಿಸ್ ಚೀಟಿ ಬರೆದಾಗಿತ್ತು:
ಕೆಳಗಿನ ಇಳಿಜಾರು, ಒಂಬತ್ತನೇ ಸಾಲು.
ಚೀಟಿಯನ್ನು ಬಹಳ ಹೊತ್ತು ನೋಡಿದರಂತೆ.
‘ಎಂಟನೆಯದಕ್ಕೆ ಇಡ್ತಿದ್ದೆನಲ್ಲ ಹೂವು, ಇಷ್ಟು ವರ್ಷ,’
ಆಮೇಲೆ, ಬಾಗಿಲವರೆಗೆ ಹೋಗಿ ತಿರುಗಿ,
‘ಅದು ಯಾರದು?’

ಅದಕ್ಕೂ ರೆಪ್ಪೆ ಬಡಿಯುವಷ್ಟೇ ಹೊತ್ತು.

ರಾತ್ರಿ ಎರಡಕ್ಕೆ ಪೊರಕೆ ಎದ್ದಿತು.
ಆರಾದರೂ ಮುಗಿದಿರಲಿಲ್ಲ.
ಇರಲಿ.